ಬಸುರಿಯಲ್ಲಿ ಕಿಬ್ಬೊಟ್ಟೆಯ ಚಳಕು: ಲಿಗಮೆಂಟ್ ನೋವಿಗೆ ಕೈರೋಪ್ರಾಕ್ಟಿಕ್ ಆರೈಕೆ, ಹಂತ ಹಂತವಾಗಿ

ನನಗೆ ಆಗ ಐದನೇ ತಿಂಗಳು. ಕಲಬುರಗಿಯ ನಮ್ಮ ಮನೆಯಲ್ಲಿ ಖಾರ ಕುಟ್ಟಲು ಹಸಿಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ಮೂಗಿಗೆ ಹತ್ತಿ ಜೋರಾಗಿ ಸೀನು ಬಂತು. ಸೀನಿದ್ದೇ ತಡ, ಹೊಟ್ಟೆಯ ಬಲಗಡೆ, ಕೆಳಗೆ, ತೊಡೆ ಸಂದಿಯ ಹತ್ತಿರ ಯಾರೋ ಒಳಗಿನಿಂದ ದಾರ ಹಿಡಿದು ಜಗ್ಗಿದ ಹಾಗಾಯಿತು. ಅಡುಗೆ ಕಟ್ಟೆ ಹಿಡಿದು ನಿಂತುಬಿಟ್ಟೆ. ಅರ್ಧ ನಿಮಿಷಕ್ಕೆ ನೋವು ಹೋಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಅವತ್ತು ರಾತ್ರಿಯೆಲ್ಲ ಹೊಟ್ಟೆ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದೆ.

ಮರುದಿನ ಡಾಕ್ಟರು ಅದೇ ಜಾಗದಲ್ಲಿ ಬೆರಳಿಟ್ಟು "ಇಲ್ಲೇ ಅಲ್ವಾ?" ಎಂದು ಕೇಳಿದರು. ಅಲ್ಲೇ. ಗರ್ಭಕೋಶವನ್ನು ಹಿಡಿದಿಡುವ ಲಿಗಮೆಂಟ್ ಜಗ್ಗುತ್ತಿದೆ, ಮಗು ಚೆನ್ನಾಗಿದೆ ಎಂದರು. ನನ್ನ ಅವ್ವನಿಗೆ, ಅತ್ತೆಗೆ, ಓಣಿಯ ಎಷ್ಟೋ ಜನಕ್ಕೆ ಇದೇ ನೋವು ಬಂದಿತ್ತಂತೆ. ಯಾರೂ ಮೊದಲೇ ಹೇಳಿರಲಿಲ್ಲ, ಯಾಕೆಂದರೆ ಬಸುರಿ ಅಂದಮೇಲೆ ನೋವು ಇದ್ದದ್ದೇ ಎಂಬ ಮಾತು ನಮ್ಮಲ್ಲಿದೆ. ಎರಡನೇ ಬಸುರಿಯಲ್ಲಿ ನಾನು ಸುಮ್ಮನೆ ಸಹಿಸಲಿಲ್ಲ. ಓದಿದೆ, ಕೇಳಿದೆ, ಒಂದು ಕಡೆ ತಪ್ಪು ಜಾಗಕ್ಕೆ ಹೋಗಿ ಹೆದರಿ ವಾಪಸ್ ಬಂದೆ, ಇನ್ನೊಂದು ಕಡೆ ಒಳ್ಳೆಯ ಕೈ ಸಿಕ್ಕಿತು. ನೋವು ಕಡಿಮೆ ಮಾಡಿಕೊಳ್ಳುವ ದಾರಿ ಇದೆ. ಅದರಲ್ಲಿ ಕೈರೋಪ್ರಾಕ್ಟರ್, ಅಂದರೆ ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಸರಿಪಡಿಸುವವರು, ಮಾಡುವುದು ಸ್ವಲ್ಪ, ನಾವು ದಿನಾ ಏಳುವ, ಕೂರುವ, ಹೊರಳುವ ರೀತಿಯಲ್ಲಿ ಆಗುವುದು ಜಾಸ್ತಿ.

ಒಳಗೆ ಜಗ್ಗುವುದು ಏನು

ಶರಣಬಸವೇಶ್ವರ ಜಾತ್ರೆಯಲ್ಲಿ ಡೇರೆ ಹಾಕುವುದನ್ನು ನೋಡಿರುತ್ತೀರಿ. ಮೇಲಿನಿಂದ ಹಗ್ಗ ಇಳಿಸಿ ಎರಡೂ ಕಡೆ ನೆಲದ ಗೂಟಕ್ಕೆ ಬಿಗಿಯುತ್ತಾರೆ. ಗರ್ಭಕೋಶಕ್ಕೂ ಹಾಗೇ ಎರಡು ಹುರಿಗಳಿವೆ. ಅದರ ಮೇಲಿನ ಎರಡು ಮೂಲೆಗಳಿಂದ ಹೊರಟು, ಕಿಬ್ಬೊಟ್ಟೆಯ ಪಕ್ಕದಲ್ಲಿ ಇಳಿದು, ತೊಡೆ ಸಂದಿಯೊಳಗಿನ ಸಣ್ಣ ದಾರಿ ಹಾದು ಯೋನಿಯ ಹೊರತುಟಿಯ ತನಕ ಹೋಗುತ್ತವೆ. ಇವಕ್ಕೆ ರೌಂಡ್ ಲಿಗಮೆಂಟ್ ಎಂದು ಹೆಸರು.

ಬಸುರಿಯಲ್ಲದಾಗ ಗರ್ಭಕೋಶದ ತೂಕ ಸುಮಾರು 70 ಗ್ರಾಂ. ದಿನ ತುಂಬುವ ಹೊತ್ತಿಗೆ ಮಗುವಿನ ತೂಕ, ನೀರಿನ ತೂಕ ಬಿಟ್ಟು ಅದೊಂದೇ ಸುಮಾರು 1 ಕಿಲೋ ಆಗುತ್ತದೆ. ಡೇರೆ ದೊಡ್ಡದಾದಂತೆ ಹಗ್ಗವೂ ಉದ್ದ ಆಗಬೇಕು, ದಪ್ಪ ಆಗಬೇಕು. ನಿಧಾನವಾಗಿ ಚಲಿಸಿದರೆ ಹುರಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಸೀನು, ಕೆಮ್ಮು, ಗಟ್ಟಿ ನಗು, ಹಾಸಿಗೆಯಲ್ಲಿ ಥಟ್ಟನೆ ಮಗ್ಗಲು ಬದಲಿಸುವುದು, ನೆಲದಿಂದ ದಿಢೀರನೆ ಏಳುವುದು, ಇವೆಲ್ಲ ಹಗ್ಗವನ್ನು ಒಮ್ಮೆಲೇ ಎಳೆಯುತ್ತವೆ. ಆಗಲೇ ಚಳಕು ಹೊಡೆಯುತ್ತದೆ.

ಸಾಮಾನ್ಯವಾಗಿ ಇದು 14ನೇ ವಾರದಿಂದ 27ನೇ ವಾರದ ನಡುವೆ ಜಾಸ್ತಿ. ಬಲಗಡೆ ಹೆಚ್ಚು ಬರುತ್ತದೆ, ಯಾಕೆಂದರೆ ಗರ್ಭಕೋಶ ಬೆಳೆಯುತ್ತಾ ಸ್ವಲ್ಪ ಬಲಕ್ಕೆ ತಿರುಗುತ್ತದೆ. ಚೂಪಾಗಿ ಬರುತ್ತದೆ, ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷ ಇರುತ್ತದೆ, ಸುಮ್ನೆ ಕೂತರೆ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ನೋವು ಸೇರಿಕೊಳ್ಳುವುದುಂಟು. ಬಸುರಿಯಲ್ಲಿ ರಿಲ್ಯಾಕ್ಸಿನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಕೀಲುಗಳ ಕಟ್ಟನ್ನು ಸಡಿಲ ಮಾಡುತ್ತವೆ. ಟೊಂಕದ ಕೆಳಗೆ ಎರಡು ಕಡೆ ಗುಳಿ ಬೀಳುವ ಜಾಗ ಇದೆಯಲ್ಲ, ಅಲ್ಲಿರುವ ಕೀಲು, ಮತ್ತೆ ಮುಂದೆ ಗುಪ್ತಾಂಗದ ಮೇಲಿನ ಎಲುಬಿನ ಕೂಡು, ಇವು ನೋಯಲು ಶುರುವಾಗುತ್ತವೆ. ಮೆಟ್ಟಿಲು ಹತ್ತುವಾಗ, ಒಂದು ಕಾಲಿನ ಮೇಲೆ ನಿಂತು ಚಪ್ಪಲಿ ಹಾಕುವಾಗ ನೋವು ಬಂದರೆ ಅದು ಈ ಕೀಲುಗಳದ್ದು. ಈ ವ್ಯತ್ಯಾಸ ತಿಳಿದಿರಲಿ. ಕೈಚಿಕಿತ್ಸೆಯಿಂದ ಆರಾಮ ಸಿಗುವುದು ಹೆಚ್ಚಾಗಿ ಕೀಲಿನ ನೋವಿಗೆ. ಲಿಗಮೆಂಟ್ ಚಳಕಿಗೆ ಸಿಗುವ ಲಾಭ ಅದರ ಹಿಂದೆ ಬರುತ್ತದೆ.

ಮೊದಲ ಹೆಜ್ಜೆ: ಇದು ಲಿಗಮೆಂಟ್ ನೋವೇ ಎಂದು ಡಾಕ್ಟರ ಬಾಯಿಂದ ಕೇಳಿ

ಈ ಹೆಜ್ಜೆ ಬಿಟ್ಟು ಮುಂದೆ ಹೋಗಬೇಡಿ, ದಯವಿಟ್ಟು. ಹೊಟ್ಟೆನೋವಿಗೆ ಬೇರೆ ಕಾರಣ ಇದ್ದು, ನಾವು ಲಿಗಮೆಂಟ್ ಎಂದುಕೊಂಡು ಕೂತರೆ ಅದು ಅಪಾಯ.

ರಕ್ತ ಅಥವಾ ನೀರು ಹೋದರೆ, ಜ್ವರ ಚಳಿ ಬಂದರೆ, ನೋವು ಬಿಡದೆ ಒಂದೇ ಸಮ ಇದ್ದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವೇ ಆಗದಿದ್ದರೆ, 37 ವಾರಕ್ಕೆ ಮುಂಚೆ ನೋವು ಬಿಟ್ಟು ಬಿಟ್ಟು ಲೆಕ್ಕ ಹಾಕಿದ ಹಾಗೆ ಬರುತ್ತಿದ್ದರೆ, ಮಗುವಿನ ಮಿಸುಕಾಟ ಕಡಿಮೆ ಎನಿಸಿದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಇವು ಬಿಪಿ ಏರಿದ ಲಕ್ಷಣ ಆಗಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಶಯ. ಉರಿಮೂತ್ರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕಿನ ನೋವೂ ಕಿಬ್ಬೊಟ್ಟೆಯಲ್ಲೇ ಬರುತ್ತದೆ, ಎಷ್ಟೋ ಜನ ಅದನ್ನು ಬಸುರಿಯ ನೋವು ಎಂದುಕೊಂಡು ಬಿಟ್ಟುಬಿಡುತ್ತಾರೆ. ಬಲಗಡೆ ನೋವಿನ ಜೊತೆ ವಾಂತಿ, ಜ್ವರ ಇದ್ದರೆ ಅಪೆಂಡಿಕ್ಸ್ ಕೂಡ ನೋಡಬೇಕಾಗುತ್ತದೆ. ವಾಹನ ಇಲ್ಲವೆಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇವು ಯಾವುದೂ ಇಲ್ಲದಿದ್ದರೆ ಮುಂದಿನ ತಪಾಸಣೆಯಲ್ಲಿ ಕೇಳಿದರೆ ಸಾಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ನಾಲ್ಕನೇ ತಿಂಗಳಿಂದ ಹೋಗಬಹುದು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ನಿಮ್ಮ ತಾಲೂಕು ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ದಾರಿ ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಅವರೇ ಜೊತೆಗೆ ಬರುತ್ತಾರೆ.

ಡಾಕ್ಟರಿಗೆ "ಹೊಟ್ಟೆನೋವು" ಎಂದು ಮಾತ್ರ ಹೇಳಬೇಡಿ. ಒಂದು ಬೆರಳಿಟ್ಟು ಜಾಗ ತೋರಿಸಿ. ಏನು ಮಾಡಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಹೋಗುತ್ತದೆ, ಇಷ್ಟನ್ನು ಹೇಳಿ. ಆಮೇಲೆ ಎರಡು ಪ್ರಶ್ನೆ ಕೇಳಿ. ಮಾಸು (ಪ್ಲಾಸೆಂಟಾ) ಕೆಳಗಿದೆಯಾ? ನಾನು ಫಿಸಿಯೋಥೆರಪಿ ಅಥವಾ ಕೈರೋಪ್ರಾಕ್ಟಿಕ್ ಮಾಡಿಸಬಹುದಾ? ಸ್ಕ್ಯಾನ್ ರಿಪೋರ್ಟಿನಲ್ಲಿ ಮಾಸು ಎಲ್ಲಿದೆ ಎಂದು ಬರೆದಿರುತ್ತದೆ. ಮಾಸು ಗರ್ಭಕೋಶದ ಬಾಯಿ ಮುಚ್ಚಿದ್ದರೆ, ಬಿಪಿ ಜಾಸ್ತಿ ಇದ್ದರೆ, ರಕ್ತ ಹೋಗಿದ್ದರೆ, ಅವಧಿಗೆ ಮುಂಚೆ ಹೆರಿಗೆ ಆಗುವ ಸಂಭವ ಇದ್ದರೆ ಈ ಚಿಕಿತ್ಸೆ ನಿಮಗಲ್ಲ.

ಮಾತ್ರೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ "ಸೊಂಟನೋವಿಗೆ ಒಂದು ಗುಳಿಗೆ ಕೊಡಿ" ಎಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೈಗೆ ಬರುವುದುಂಟು. ಬಸುರಿಯರು ಇವನ್ನು ತಾವಾಗಿಯೇ ತೆಗೆದುಕೊಳ್ಳಬಾರದು. 20 ವಾರದ ನಂತರವಂತೂ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆಯಾಗುವ ಅಪಾಯ ಇದೆ. ಅಗತ್ಯ ಬಿದ್ದರೆ ಪ್ಯಾರಾಸಿಟಮಾಲ್, ಅದೂ ಡಾಕ್ಟರನ್ನು ಕೇಳಿ.

ಎರಡನೇ ಹೆಜ್ಜೆ: ಮನೆಯಲ್ಲಿ ಏಳುವ, ಕೂರುವ, ಹೊರಳುವ ರೀತಿ ಬದಲಿಸಿ

ದುಡ್ಡಿಲ್ಲದೆ ಆಗುವ ಕೆಲಸ ಇದು, ಹೆಚ್ಚು ಫಲ ಕೊಡುವುದೂ ಇದೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸೀನು ಬರುವ ಮುನ್ಸೂಚನೆ ಮೂಗಿಗೆ ಒಂದೆರಡು ಸೆಕೆಂಡ್ ಮುಂಚೆ ಸಿಗುತ್ತದೆ. ಅಷ್ಟರಲ್ಲಿ ಮೊಣಕಾಲು ಸ್ವಲ್ಪ ಬಗ್ಗಿಸಿ, ಸೊಂಟದಿಂದ ಮುಂದಕ್ಕೆ ಬಾಗಿ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆಸರೆಯಾಗಿ ಇಡಿ. ಕೂತಿದ್ದರೆ ತೊಡೆಯನ್ನು ಹೊಟ್ಟೆಯ ಕಡೆಗೆ ತನ್ನಿ. ಬಾಗಿದಾಗ ಹುರಿ ಸಡಿಲವಾಗಿರುತ್ತದೆ, ಸೀನಿದರೂ ಜಗ್ಗುವುದಿಲ್ಲ. ನೆಟ್ಟಗೆ ನಿಂತು ಹೊಟ್ಟೆ ಮುಂದೆ ಮಾಡಿ ಸೀನಿದರೆ ಚಳಕು ಗ್ಯಾರಂಟಿ. ನನಗೆ ಇದು ಅಭ್ಯಾಸವಾಗಲು ಒಂದು ವಾರ ಹಿಡಿಯಿತು. ಆಮೇಲೆ ಒಗ್ಗರಣೆ ಘಾಟಿಗೆ ಹೆದರಿಕೆಯೇ ಹೋಯಿತು.

ರಾತ್ರಿ ಮಗ್ಗಲು ಬದಲಿಸುವುದು ಇನ್ನೊಂದು ಕಷ್ಟ. ನೆಲದ ಮೇಲೆ ಹಾಸಿಗೆ ಹಾಕಿ ಮಲಗುವವರಿಗೆ ಮತ್ತೂ ಕಷ್ಟ. ಮೊದಲು ಎರಡೂ ಮೊಣಕಾಲು ಮಡಚಿ ಜೋಡಿಸಿ. ನಡುವೆ ದಿಂಬು ಇದ್ದರೆ ಅದನ್ನು ಹಿಸುಕಿ ಹಿಡಿಯಿರಿ. ಉಸಿರು ಬಿಡುತ್ತಾ ಭುಜ, ಸೊಂಟ, ಮೊಣಕಾಲು ಮೂರನ್ನೂ ಒಟ್ಟಿಗೆ ತಿರುಗಿಸಿ, ಮರದ ದಿಮ್ಮಿ ಉರುಳಿದ ಹಾಗೆ. ಮೇಲಿನ ಮೈ ಮೊದಲು, ಕಾಲು ಆಮೇಲೆ ಆದರೆ ಹುರಿ ತಿರುಚಿಕೊಳ್ಳುತ್ತದೆ. ಏಳುವಾಗಲೂ ಮೊದಲು ಮಗ್ಗಲಾಗಿ, ಕೈ ಊರಿ ಕೂತು, ಒಂದು ಮೊಣಕಾಲಿನ ಮೇಲೆ ಬಂದು, ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ಏಳಿ. ಗಂಡನೋ ಅತ್ತೆಯೋ ಕೈ ಹಿಡಿದು ಎಳೆದು ಎಬ್ಬಿಸುವುದು ಪ್ರೀತಿಯೇ, ಆದರೆ ಆ ಎಳೆತವೂ ಜಗ್ಗುತ್ತದೆ. ಬೆನ್ನಿಗೆ ಆಸರೆ ಕೊಡಲು ಹೇಳಿ, ಎಳೆಯಲು ಬೇಡ.

ಮಲಗುವುದು ಮಗ್ಗಲಾಗಿಯೇ ಇರಲಿ, 28 ವಾರದ ನಂತರ ಇದು ಕಡ್ಡಾಯ ಎಂದುಕೊಳ್ಳಿ. ಎಡಮಗ್ಗಲು ಒಳ್ಳೆಯದು, ಬಲವೂ ನಡೆಯುತ್ತದೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಅಡಿಗೆ ಒಂದು ಸಣ್ಣ ದಿಂಬು. ಬೇರೆ ದಿಂಬು ಕೊಳ್ಳಬೇಕಿಲ್ಲ, ಹಳೇ ಕೌದಿಯನ್ನು ಮಡಚಿ ಸುತ್ತಿದರೆ ಅದಕ್ಕಿಂತ ಚೆನ್ನಾಗಿರುತ್ತದೆ.

ಇನ್ನು ರೊಟ್ಟಿ. ನೆಲದ ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ ಕೂತು ಇಪ್ಪತ್ತು ರೊಟ್ಟಿ ಬಡಿಯುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ದಿನದ ಕೆಲಸ. ಒಂದು ಕೈಯಿಂದ ಬಡಿಯುತ್ತಾ ಇನ್ನೊಂದು ಕಡೆ ಹಂಚಿನತ್ತ ತಿರುಗಿ ತಿರುಗಿ ಹಾಕುತ್ತೇವೆ. ಆ ತಿರುಗುವುದೇ ನೋವು ತರುವುದು. ಕಟ್ಟೆಯ ಮೇಲೆ ಗ್ಯಾಸ್ ಇದ್ದರೆ ನಿಂತು ಮಾಡಿ, ಒಂದು ಕಾಲನ್ನು ಸಣ್ಣ ಮಣೆಯ ಮೇಲೆ ಇಟ್ಟು ಆಗಾಗ ಬದಲಿಸಿ. ನೆಲದ ಒಲೆಯೇ ಆದರೆ ಎತ್ತರದ ಮಣೆ ಹಾಕಿಕೊಂಡು, ಹಂಚು ನೇರ ಎದುರಿಗೆ ಬರುವ ಹಾಗೆ ಕೂತುಕೊಳ್ಳಿ. ಆರೇಳು ರೊಟ್ಟಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಉಳಿದ ರೊಟ್ಟಿಯನ್ನು ಮನೆಯ ಇನ್ನೊಬ್ಬರು ಬಡಿಯಲಿ. ಇದನ್ನು ಕೇಳಲು ಸಂಕೋಚ ಬೇಡ.

ನಳಕ್ಕೆ ನೀರು ಬಂದ ದಿನ ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಅರ್ಧ ಬಕೆಟ್ ನೀರನ್ನು ಎರಡು ಕೈಯಲ್ಲಿ ಸಮ ಮಾಡಿ ಒಯ್ಯಬಹುದು, ಅದಕ್ಕಿಂತ ಜಾಸ್ತಿ ಬೇಡ. ಶಹಾಪುರ, ಸುರಪುರದ ಕಡೆ ಭತ್ತದ ನಾಟಿಗೆ, ಉಳಿದೆಡೆ ತೊಗರಿ, ಹತ್ತಿ ಕೆಲಸಕ್ಕೆ ಐದು ಆರು ತಿಂಗಳಲ್ಲೂ ಹೋಗುವವರಿದ್ದಾರೆ. ಅವರಿಗೆ "ಕೆಲಸ ಬಿಡಿ" ಎನ್ನುವುದು ಸುಲಭದ ಮಾತಲ್ಲ. ಆದರೂ ಬಾಗಿಯೇ ಇರುವ ಕೆಲಸದ ಬದಲು ಕೂತು ಮಾಡುವ ಕೆಲಸ, ಅಂದರೆ ಬಿಡಿಸುವುದು, ಹಸನು ಮಾಡುವುದು ಕೇಳಿ ಪಡೆಯಬಹುದು. ಬಾಗಿ ಮಾಡಲೇಬೇಕಾದರೆ ಅರ್ಧ ತಾಸಿಗೊಮ್ಮೆ ಮೈ ನೇರ ಮಾಡಿ ನಿಲ್ಲಿ.

ಬೇಸಿಗೆಯಲ್ಲಿ ನೀರು ಮರೆಯಬೇಡಿ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಗರ್ಭಕೋಶ ಬಿಗಿದುಕೊಳ್ಳಬಹುದು. ಮಜ್ಜಿಗೆ, ಅಂಬಲಿ, ನೀರು, ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ.

ನೋವು ಬಂದಾಗ ಬಿಸಿ ಕಾವು ಕೊಡಬಹುದು, ಆದರೆ ಬೆಚ್ಚಗೆ ಮಾತ್ರ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ನೋಯುವ ಪಕ್ಕಕ್ಕೆ, ಟೊಂಕಕ್ಕೆ ಹತ್ತು ಹದಿನೈದು ನಿಮಿಷ ಇಡಿ. ಹೊಟ್ಟೆಯ ನಡುವೆ ಇಡಬೇಡಿ.

ದಿನಾ ಮಾಡುವ ಮೂರು ವ್ಯಾಯಾಮ ಸಾಕು. ಮೊದಲನೆಯದು, ಕೈ ಮೊಣಕಾಲು ಊರಿ ನಿಂತು ಉಸಿರು ಬಿಡುತ್ತಾ ಬೆನ್ನನ್ನು ನಿಧಾನ ಮೇಲಕ್ಕೆ ಡುಬ್ಬ ಮಾಡುವುದು, ಮತ್ತೆ ನೇರಕ್ಕೆ ತರುವುದು, ಎಂಟು ಹತ್ತು ಸಲ. ಫರ್ಸಿ ನೆಲ ಮೊಣಕಾಲಿಗೆ ಒತ್ತುತ್ತದೆ, ಕೆಳಗೆ ಕೌದಿ ಹಾಕಿಕೊಳ್ಳಿ. ಎರಡನೆಯದು, ಅದೇ ಭಂಗಿಯಲ್ಲಿ ತಲೆಯನ್ನು ಮಡಚಿದ ಕೈಗಳ ಮೇಲೆ ಇಟ್ಟು, ಕುಂಡೆ ಮೇಲೆ ಇರುವ ಹಾಗೆ ಒಂದು ನಿಮಿಷ ಇರುವುದು. ಹೊಟ್ಟೆಯ ಭಾರ ಹುರಿಯ ಮೇಲಿಂದ ಸರಿಯುತ್ತದೆ, ಚಳಕು ಬಂದಾಗ ತಕ್ಷಣದ ಆರಾಮವೂ ಇದೇ. ಬಿಪಿ ಜಾಸ್ತಿ ಇರುವವರು, ಎದೆಯುರಿ ಇರುವವರು ಇದನ್ನು ಬಿಡಿ. ಮೂರನೆಯದು, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಐದು ಎಣಿಸಿ ಬಿಡುವುದು, ಹತ್ತು ಸಲ, ಕೂತಲ್ಲೇ. ಬಸುರಿಯ ಟೊಂಕ ನೋವಿಗೆ ವ್ಯಾಯಾಮದಿಂದ ಲಾಭ ಇದೆ ಎಂಬುದು ಅಧ್ಯಯನಗಳಲ್ಲಿ ಕಂಡ ಮಾತು.

ಹೊಟ್ಟೆ ಬೆಲ್ಟ್ ಬೇಕೇ? ನಿಂತು ಕೆಲಸ ಮಾಡುವವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ ಅನುಕೂಲ. ಮಲಗಿಕೊಂಡು ಹಾಕಬೇಕು. ಪಟ್ಟಿ ಹೊಟ್ಟೆಯ ಕೆಳಗಿನಿಂದ ಎತ್ತಿ ಹಿಡಿಯಬೇಕು, ಮೇಲಿನಿಂದ ಅದುಮಬಾರದು. ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎರಡು ಮೂರು ತಾಸಿಗೆ ಬಿಚ್ಚಿ, ರಾತ್ರಿ ಬೇಡ. ಹಳೆಯ ಹತ್ತಿ ಸೀರೆಯನ್ನು ಗೇಣಗಲ ಮಡಚಿ ಅದೇ ರೀತಿ ಕಟ್ಟಬಹುದು.

ಮೂರನೇ ಹೆಜ್ಜೆ: ಕೈರೋಪ್ರಾಕ್ಟಿಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ, ಡಿ. ಡಿ. ಪಾಮರ್ ಎಂಬವರಿಂದ. ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಸರಿಪಡಿಸುವ ಪದ್ಧತಿ. ಬಸುರಿಯರಿಗೆ ಮಾಡುವ ಒಂದು ಕ್ರಮಕ್ಕೆ ವೆಬ್‌ಸ್ಟರ್ ಟೆಕ್ನಿಕ್ ಎನ್ನುತ್ತಾರೆ, ಲ್ಯಾರಿ ವೆಬ್‌ಸ್ಟರ್ ಎಂಬ ಅಮೆರಿಕನ್ ಕೈರೋಪ್ರಾಕ್ಟರ್ ರೂಪಿಸಿದ್ದು. ಟೊಂಕದ ತ್ರಿಕೋನ ಎಲುಬು ಒಂದು ಕಡೆ ಬಿಗಿದಿದ್ದರೆ ಗರ್ಭಕೋಶದ ಹುರಿಗಳ ಮೇಲೂ ಎಳೆತ ಬೀಳುತ್ತದೆ, ಅದನ್ನು ಸಡಿಲಿಸಿದರೆ ಎಳೆತ ಸಮನಾಗುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಲಿಗಮೆಂಟ್ ನೋವಿಗೇ ಎಂದು ನಡೆದ ದೊಡ್ಡ, ಗಟ್ಟಿ ಅಧ್ಯಯನಗಳಿಲ್ಲ. ಇರುವುದು ಹೆಚ್ಚಾಗಿ ಒಬ್ಬೊಬ್ಬರ ಅನುಭವದ ವರದಿ. ಕೈಚಿಕಿತ್ಸೆಯಿಂದ ಸೊಂಟ, ಟೊಂಕದ ಕೀಲಿನ ನೋವು ಕಡಿಮೆಯಾಯಿತು ಎನ್ನುವವರು ತುಂಬಾ ಜನ, ನಾನೂ ಅವರಲ್ಲಿ ಒಬ್ಬಳು. ಆದರೆ ಅಡ್ಡ ಅಥವಾ ಉಲ್ಟಾ ಇರುವ ಮಗುವನ್ನು ಇದರಿಂದ ತಿರುಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗು ತಿರುಗಿಸುವ ಕೆಲಸ 36-37 ವಾರದ ಹೊತ್ತಿಗೆ ಆಸ್ಪತ್ರೆಯಲ್ಲಿ, ಸ್ಕ್ಯಾನ್ ಇಟ್ಟುಕೊಂಡು, ಮಗುವಿನ ಎದೆಬಡಿತ ನೋಡುತ್ತಾ, ಡಾಕ್ಟರೇ ಮಾಡಬೇಕಾದದ್ದು.

ಅದೇ ಕಾರಣಕ್ಕೆ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು, ನರ ತೆಗೆಸುವುದು, ಕಾಲ್ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸುವುದು, ಇವು ಬಸುರಿಯಲ್ಲಿ ಬೇಡವೇ ಬೇಡ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. "ಡಾಕ್ಟರು ಬೇಡ ಅಂದಿದ್ದಾರೆ" ಎಂದು ಹೇಳಿ, ಕಾಲಿಗೆ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳಿ. ಅವರಿಗೂ ಸಮಾಧಾನ, ನಿಮಗೂ ಆರಾಮ.

ನಾಲ್ಕನೇ ಹೆಜ್ಜೆ: ಸರಿಯಾದ ಕೈ ಹುಡುಕುವುದು

ನಮ್ಮ ದೇಶದಲ್ಲಿ ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇರುವ ಹಾಗೆ ಕೈರೋಪ್ರಾಕ್ಟರ್‌ಗಳಿಗೆಂದೇ ಪ್ರತ್ಯೇಕ ಕೌನ್ಸಿಲ್ ಇಲ್ಲ. ಹೀಗಾಗಿ ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆದವರೂ ಅದೇ ಬೋರ್ಡ್ ಹಾಕುತ್ತಾರೆ, ಕೆಲವೇ ದಿನದ ಕೋರ್ಸ್ ಮಾಡಿದವರೂ ಅದೇ ಬೋರ್ಡ್ ಹಾಕುತ್ತಾರೆ. ಫೋನಿನಲ್ಲಿ ಓಡುವ "ಕಟಕ್ ಕಟಕ್" ವಿಡಿಯೋ ನೋಡಿ ಆರಿಸಬೇಡಿ. ಆ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದು. ಸದ್ದು ಬಂದರೆ ಎಲುಬು ಸರಿಹೋಯಿತು ಎಂದಲ್ಲ.

ನನ್ನ ತಪ್ಪು ಇಲ್ಲೇ ಆಯಿತು. ಎರಡನೇ ಬಸುರಿಯ ಆರನೇ ತಿಂಗಳಲ್ಲಿ ಒಂದು ಕಡೆ ಹೋದೆ. ಅಲ್ಲಿ ತಾಯಿ ಕಾರ್ಡ್ ನೋಡಲಿಲ್ಲ, ಎಷ್ಟು ವಾರ ಎಂದು ಕೇಳಲಿಲ್ಲ. ಅಂಗಾತ ಮಲಗಿಸಿ, ನನ್ನ ಮೊಣಕಾಲನ್ನು ಒಂದು ಕಡೆಗೂ ಭುಜವನ್ನು ಇನ್ನೊಂದು ಕಡೆಗೂ ಹಿಡಿದು ತಿರುಚಲು ಕೈ ಹಾಕಿದರು. ಹೊಟ್ಟೆ ಬಿಗಿಯಿತು. "ಬೇಡ, ನಿಲ್ಲಿಸಿ" ಎಂದು ಎದ್ದು ಬಂದೆ. ಏನೂ ಆಗಲಿಲ್ಲ, ಆದರೆ ಆಟೋದಲ್ಲಿ ಕೂತು ಮನೆ ಮುಟ್ಟುವವರೆಗೆ ಮಗು ಮಿಸುಕುವುದನ್ನೇ ಕಾಯುತ್ತಿದ್ದೆ.

ಆದ್ದರಿಂದ ಮೊದಲು ಫೋನ್ ಮಾಡಿ ಕೇಳಿ. ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷ? ಬಸುರಿಯರಿಗೆ ಚಿಕಿತ್ಸೆ ಕೊಡುವ ತರಬೇತಿ ಆಗಿದೆಯಾ? ಹೊಟ್ಟೆಗೆ ಜಾಗ ಬಿಟ್ಟಿರುವ ಟೇಬಲ್ ಇದೆಯಾ, ಇಲ್ಲವಾದರೆ ಮಗ್ಗಲಾಗಿ ಮಲಗಿಸಿ ಮಾಡುತ್ತೀರಾ? ನನ್ನ ಡಾಕ್ಟರ ಚೀಟಿ ನೋಡುತ್ತೀರಾ? ಜೊತೆಗೆ ಮನೆಯವರು ಒಳಗೆ ಇರಬಹುದಾ? ಕೊನೆಯ ಪ್ರಶ್ನೆಗೆ "ಬೇಡ" ಎಂದರೆ ಅಲ್ಲಿಗೆ ಹೋಗಲೇಬೇಡಿ. ಎಕ್ಸ್‌ರೇ ತೆಗೆಸಿ ಬನ್ನಿ ಎಂದರೂ, 20 ಸೆಷನ್ ಪ್ಯಾಕೇಜಿಗೆ ಮೊದಲೇ ದುಡ್ಡು ಕಟ್ಟಿ ಎಂದರೂ ಬೇಡ.

ಬಸುರಿಯರ ಆರೈಕೆಯಲ್ಲಿ ಪಳಗಿದ ಕೈರೋಪ್ರಾಕ್ಟರ್ ಬೇಕೆಂದರೆ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಯವರು ಸಾಮಾನ್ಯವಾಗಿ ಹೈದರಾಬಾದ್ ಅಥವಾ ಬೆಂಗಳೂರಿನ ಕಡೆ ನೋಡಬೇಕಾಗುತ್ತದೆ. ಬೀದರಿನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯವರಿಗೆ 220 ಕಿ.ಮೀ. ಆಸುಪಾಸು. ಇಪ್ಪತ್ತು ನಿಮಿಷದ ಚಿಕಿತ್ಸೆಗೆ ನಾಲ್ಕೈದು ತಾಸು ಕುಲುಕಾಡಿ ಹೋಗಿ ಬಂದರೆ ಸಿಕ್ಕ ಆರಾಮ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ ನನ್ನ ಸಲಹೆ ಇದು. ಮೊದಲು ನಿಮ್ಮ ಊರಲ್ಲೇ ಬಿಪಿಟಿ, ಎಂಪಿಟಿ ಓದಿದ ಫಿಸಿಯೋಥೆರಪಿಸ್ಟ್ ನೋಡಿ, ಮಹಿಳೆಯರ ಆರೋಗ್ಯದಲ್ಲಿ ಅನುಭವ ಇದ್ದರೆ ಇನ್ನೂ ಒಳ್ಳೆಯದು. ಕೀಲು ಸಡಿಲಿಸುವ ಮೆದು ಕೈಚಿಕಿತ್ಸೆ ಅವರಿಗೂ ಗೊತ್ತಿರುತ್ತದೆ, ಜೊತೆಗೆ ವ್ಯಾಯಾಮವೂ ಕಲಿಸುತ್ತಾರೆ. ಹೈದರಾಬಾದಿನಲ್ಲಿ ತವರೋ ಅಕ್ಕನ ಮನೆಯೋ ಇದ್ದು ಎರಡು ವಾರ ಉಳಿಯುವಂತಿದ್ದರೆ ಆಗ ಕೈರೋಪ್ರಾಕ್ಟರ್ ಕಡೆ ಹೋಗಿ. ನಾನು ಹಾಗೇ ಮಾಡಿದೆ. ಸಾಧ್ಯವಾದರೆ ರೈಲಿನಲ್ಲಿ ಹೋಗಿ, ಎದ್ದು ಓಡಾಡಬಹುದು, ಕೆಳಗಿನ ಬರ್ತಿನಲ್ಲಿ ಮಗ್ಗಲಾಗಬಹುದು.

ಐದನೇ ಹೆಜ್ಜೆ: ಸೆಷನ್ ದಿನ

ಊಟ ಮಾಡಿ ಎರಡು ತಾಸು ಆಗಿರಲಿ. ಚೂಡಿದಾರ್ ಅಥವಾ ಸಡಿಲ ಪೈಜಾಮ ಹಾಕಿಕೊಳ್ಳಿ, ಸೀರೆ ಅಡಚಣೆ. ಮೂತ್ರಕ್ಕೆ ಹೋಗಿಯೇ ಒಳಗೆ ಹೋಗಿ. ತಾಯಿ ಕಾರ್ಡ್, ಕೊನೆಯ ಸ್ಕ್ಯಾನ್ ರಿಪೋರ್ಟ್, ಡಾಕ್ಟರ ಚೀಟಿ ಕೈಯಲ್ಲಿರಲಿ.

ನನಗೆ ಮಾಡಿದ್ದು ಹೀಗೆ. ಮೊದಲ ಅರ್ಧ ತಾಸು ಬರೀ ಮಾತು, ಪರೀಕ್ಷೆ. ಬಿಪಿ ನೋಡಿದರು. ನಿಲ್ಲಿಸಿ, ನಡೆಸಿ, ಒಂದೊಂದು ಕಾಲೆತ್ತಿಸಿ ನೋಡಿದರು. ಆಮೇಲೆ ಹೊಟ್ಟೆಗೆ ಗುಳಿ ಬಿಟ್ಟಿರುವ ಮೆತ್ತೆಗಳ ಮೇಲೆ ಬೋರಲು ಮಲಗಿಸಿದರು. ಹೊಟ್ಟೆಗೆ ಒಂದಿಷ್ಟೂ ಒತ್ತಡ ಬೀಳಲಿಲ್ಲ. ತಿಂಗಳುಗಟ್ಟಲೆ ಬೋರಲು ಮಲಗದ ನನಗೆ ಆ ಎರಡು ನಿಮಿಷವೇ ದೊಡ್ಡ ಸುಖ. ಎರಡೂ ಮೊಣಕಾಲು ಮಡಚಿ ಹಿಮ್ಮಡಿಯನ್ನು ಕುಂಡೆಯ ಕಡೆ ತಂದು, ಯಾವ ಕಾಲು ಬಿಗಿಯಾಗಿದೆ ಎಂದು ನೋಡಿದರು. ಬಲಗಾಲು ಬಿಗಿ ಇತ್ತು. ಟೊಂಕದ ಎಲುಬಿನ ಆ ಬದಿಗೆ ಅಂಗೈಯಿಟ್ಟು ಸಣ್ಣಗೆ ಒತ್ತಿದರು. ಟೇಬಲಿನ ಆ ತುಂಡು ಅರ್ಧ ಇಂಚು ಕೆಳಗೆ ಇಳಿದು "ಟಪ್" ಎಂದಿತು. ಸದ್ದು ಟೇಬಲಿನದು, ಎಲುಬಿನದಲ್ಲ. ಮತ್ತೆ ಕಾಲು ಮಡಚಿ ನೋಡಿದಾಗ ಬಿಗಿ ಇಳಿದಿತ್ತು.

ಆಮೇಲೆ ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಒರಗಿಸಿ, ಸೊಂಟದ ಮುಂದಿನ ಎಲುಬಿನ ಒಳಬದಿಗೆ ಹೆಬ್ಬೆರಳು ಇಟ್ಟರು. ಒತ್ತಲಿಲ್ಲ. ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟಷ್ಟು ಹಗುರ. ಒಂದು ನಿಮಿಷ ಹಾಗೇ ಇಟ್ಟಾಗ ಅಲ್ಲಿನ ಬಿಗಿತ ತಾನಾಗಿ ಕರಗಿದ ಹಾಗಾಯಿತು. ಹೊಟ್ಟೆಯ ಮೇಲೆ ಇದಕ್ಕಿಂತ ಜಾಸ್ತಿ ಭಾರ ಯಾರೂ ಹಾಕಬಾರದು. ಕುತ್ತಿಗೆ ತಿರುಚಲು ಬಂದರೆ ಬೇಡ ಎನ್ನಿ. ಲಿಗಮೆಂಟ್ ನೋವಿಗೂ ಕುತ್ತಿಗೆಗೂ ಸಂಬಂಧವಿಲ್ಲ, ಜೋರಾಗಿ ತಿರುಚಿದರೆ ಅಪರೂಪಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗುತ್ತದೆ.

ನಡುವೆ ತಲೆ ಸುತ್ತಿದರೆ, ಹೊಟ್ಟೆ ಬಿಗಿದರೆ, ನೋವಾದರೆ ಕೂಡಲೇ ಹೇಳಿ. ಇದು ನಿಮ್ಮ ಮೈ. "ಸ್ವಲ್ಪ ತಡ್ಕೊಳ್ಳಿ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಆರನೇ ಹೆಜ್ಜೆ: ಆಮೇಲಿನ ದಿನಗಳು

ಸೆಷನ್ ಮುಗಿದ ಮೇಲೆ ನೀರು ಕುಡಿದು ಹತ್ತು ನಿಮಿಷ ನಿಧಾನ ನಡೆಯಿರಿ. ಅವತ್ತು ಭಾರ ಎತ್ತಬೇಡಿ. ಒಂದೆರಡು ದಿನ ಮೈ ಸ್ವಲ್ಪ ನೋಯಬಹುದು, ಹೊಸ ವ್ಯಾಯಾಮ ಮಾಡಿದಾಗ ಆಗುವ ಹಾಗೆ. ಎರಡು ದಿನ ಕಳೆದರೂ ನೋವು ಏರುತ್ತಿದ್ದರೆ, ಕಾಲು ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಆಸ್ಪತ್ರೆಗೆ ಹೋಗಿ.

ಒಂದು ಹಳೇ ಡೈರಿಯಲ್ಲಿ ದಿನಾ ರಾತ್ರಿ ಮೂರು ಸಂಗತಿ ಬರೆಯಿರಿ. ಇವತ್ತು ಎಷ್ಟು ಸಲ ಚಳಕು ಬಂತು, ಏನು ಮಾಡುವಾಗ ಬಂತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಮೂರು ಸೆಷನ್ ಆದಮೇಲೆ ನನ್ನ ಲೆಕ್ಕ ನೋಡಿದೆ. ಹೊರಳುವಾಗಿನ ನೋವು ಅರ್ಧಕ್ಕಿಂತ ಕಡಿಮೆಯಾಗಿತ್ತು, ಟೊಂಕದ ಭಾರ ಇಳಿದಿತ್ತು. ಸೀನಿದಾಗಿನ ಚಳಕು ಮಾತ್ರ ಹಾಗೇ ಇತ್ತು. ಅದು ಕಡಿಮೆಯಾದದ್ದು ಬಾಗಿ ಸೀನುವುದನ್ನು ಕಲಿತ ಮೇಲೆ. ಮೂರು ನಾಲ್ಕು ಸೆಷನ್ ಆದರೂ ನಿಮ್ಮ ಡೈರಿಯಲ್ಲಿ ಏನೂ ಬದಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ದುಡ್ಡಿಗೆ ಹಣ್ಣು ಹಾಲು ತನ್ನಿ.

ಕುಬುಸದ (ಸೀಮಂತದ) ದಿನದ ಬಗ್ಗೆ ಒಂದು ಮಾತು. ಹಸಿರು ಸೀರೆ ಉಟ್ಟು, ಬಳೆ ತೊಟ್ಟು, ಕಾಲು ಮಡಚಿ ತಾಸುಗಟ್ಟಲೆ ಕೂರಿಸುತ್ತಾರೆ. ಒಬ್ಬೊಬ್ಬರಿಗೂ ಬಗ್ಗಿ ನಮಸ್ಕಾರ ಮಾಡುವುದು ಬೇರೆ. ಕುರ್ಚಿಯ ಮೇಲೆ ಕೂರುತ್ತೇನೆ ಎಂದು ಮೊದಲೇ ಹೇಳಿ, ಬೆನ್ನಿಗೆ ದಿಂಬು, ಕಾಲಿಗೆ ಮಣೆ ಇಡಿಸಿಕೊಳ್ಳಿ. ಹಿರಿಯರಿಗೆ ಕೂತಲ್ಲಿಂದಲೇ ಕೈಮುಗಿದರೂ ಆಶೀರ್ವಾದ ಸಿಗುತ್ತದೆ. ಅಲ್ಲಿಂದ ತವರಿಗೆ ಹೊರಡುವಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಅಡಿಯಲ್ಲಿ, ತೊಡೆಯ ಮೇಲೆ ಬರಲಿ, ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಇಳಿದು ನಡೆಯಿರಿ.

ಹೆರಿಗೆಯಾದ ಮೇಲೆ ಹುರಿಗಳು ಮೆಲ್ಲಗೆ ಮೊದಲಿನ ಹಾಗಾಗುತ್ತವೆ, ಚಳಕು ಹೋಗುತ್ತದೆ. ಕೀಲುಗಳು ಮಾತ್ರ ಇನ್ನೂ ಕೆಲವು ತಿಂಗಳು ಸಡಿಲವೇ ಇರುತ್ತವೆ. ಬಾಣಂತನದಲ್ಲಿ ತೊಟ್ಟಿಲಿನಿಂದ ಮಗುವನ್ನು ಎತ್ತುವಾಗ ಮೊದಲು ತೊಟ್ಟಿಲಿನ ಹತ್ತಿರ ಸರಿದು, ಮೊಣಕಾಲು ಬಗ್ಗಿಸಿ, ಮಗುವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳಿ. ಆರು ವಾರದ ತಪಾಸಣೆಗೆ ಹೋದಾಗ ಟೊಂಕ, ಮುಂದಿನ ಎಲುಬಿನ ಕೂಡು ಇನ್ನೂ ನೋಯುತ್ತಿದ್ದರೆ ಮಗುವಿನ ಲಸಿಕೆ ವಿಚಾರಿಸುವ ಮುಂಚೆ ನಿಮ್ಮ ನೋವನ್ನು ಹೇಳಿ, ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ.